ಬಲಗೈ ಎಂದದ್ದು ನಾನಲ್ಲ

ಶೃಂಗೇರಿ
ಜೂನ್ 2008

ಅಪ್ಪಾಜಿ,

ತೀರ್ಥರೂಪು ಎಂದು ಶುರುಮಾಡಿದ ಹಾಳೆಯನ್ನು ಹರಿದು ಹಾಕಿದೆ. ಇವತ್ತು ಆ ಮಾತು ಬರುವುದಿಲ್ಲ, ಬಿಡಿ. ಅಕ್ಷರ ನೋಡಿ ಯಾರದೋ ಕಾಗದ ಎಂದು ಪಕ್ಕಕ್ಕಿಡಬೇಡಿ. ನಾನೇ, ನಿಮ್ಮ ದಾಕ್ಷಾಯಿಣಿ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಒಂದನೇ ಕ್ಲಾಸಿನ ಮಗು ಬರೆದ ಹಾಗಿದೆ, ಗೊತ್ತು. ಈ ಕೈಯನ್ನು ನೀವು ಒಂದನೇ ಕ್ಲಾಸಿನಲ್ಲೇ ನಿಲ್ಲಿಸಿದಿರಿ.

ಕಳೆದ ವಾರ ಶೆಟ್ಟಿಕೊಪ್ಪದಿಂದ ಚಿಕ್ಕಪ್ಪನ ಮಗ ಗಂಗಾಧರ ಬೈಕಿನಲ್ಲಿ ಇಲ್ಲಿಗೆ ಬಂದಿದ್ದ. ನೀವು ಕೊಟ್ಟು ಕಳಿಸಿದ ಅರ್ಜಿಯನ್ನು ಮೇಜಿನ ಮೇಲಿಟ್ಟು, ಪೆನ್ನನ್ನೂ ಅವನೇ ತೆಗೆದುಕೊಟ್ಟ. ನನ್ನ ಪಿಸ್ತೂಲನ್ನು ಅವನ ಲೈಸೆನ್ಸಿಗೆ ಸೇರಿಸಲು ನಾನು ಒಪ್ಪಿ ಸಹಿ ಹಾಕಬೇಕಂತೆ. "ಹೆಂಗೂ ಎಲೆಕ್ಷನ್ ಮುಗಿಯೋವರೆಗೆ ಅಂತ ಪೊಲೀಸ್ ಸ್ಟೇಷನ್ನಿಗೆ ಕೊಟ್ಟಿದ್ದು ಇನ್ನೂ ಅಲ್ಲೇ ಉಂಟು. ನಿಂಗೆ ಅದು ಕೈಗೆ ಹತ್ತಲಿಲ್ಲ ಅಂತ ದೊಡ್ಡಪ್ಪನೇ ಹೇಳಿದ್ರು. ಸುಮ್ನೆ ತುಕ್ಕು ಹಿಡಿಸೋದು ಎಂತಕ್ಕೆ ಮಾರಾಯ್ತಿ?" ಅಂದ. ಕೈಗೆ ಹತ್ತಲಿಲ್ಲ! ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಅವನಿಗೆ ಕಾಫಿ ಕೊಟ್ಟು ಕಳಿಸಿದೆ, ಸಹಿ ಹಾಕಲಿಲ್ಲ. ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ನಿಮ್ಮ ಮೇಲೆ.

ಗುರಿ ಹೊಡೆಯುವ ಹುಚ್ಚು ಹಿಡಿಸಿದವರು ನೀವೇ ಅಲ್ಲವೇ? ಬಾಳೆಹೊನ್ನೂರಿನ ಕಾಫಿ ವ್ಯಾಪಾರಸ್ಥರಲ್ಲಿ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಭಾನುವಾರ ಬೆಳಿಗ್ಗೆ ಗುಂಡು ಹೊಡೆಯಲು ಕರೆದೊಯ್ಯುತ್ತಿದ್ದವರು ನೀವೊಬ್ಬರೇ. ನಾರ್ವೆ ಕಡೆಯ ಆ ಹಳೇ ಕಲ್ಲುಕೋರೆಯಲ್ಲಿ ಶೂಟಿಂಗ್ ಕ್ಲಬ್ಬಿನವರ ರೈಫಲ್ಲನ್ನು ಮೊದಲ ಸಲ ಭುಜಕ್ಕೆ ಕೊಟ್ಟಾಗ ನನ್ನ ಬೆನ್ನ ಹಿಂದೆ ನಿಂತು, "ಉಸಿರು ಬಿಡು, ಬಿಟ್ಟು ನಿಲ್ಸು, ಈಗ ಒತ್ತು" ಎಂದು ಕಿವಿಯ ಹತ್ತಿರ ಹೇಳಿದಿರಿ. ಈಗಲೂ ನಾನು ಬಂದೂಕಿನ ಕುದುರೆ ಒತ್ತುವಾಗ ಕೇಳುವುದು ಅದೇ ದನಿ. ಇಷ್ಟು ಕೊಟ್ಟವರು ಹಾಗೆ ಮಾಡಿದಿರಲ್ಲ ಎಂದೇ ಈ ಸಿಟ್ಟು ಇಳಿಯುತ್ತಿಲ್ಲ.

ರೈಫಲ್ಲಿಗೆ ಎರಡೂ ಕೈ ಬೇಕು. ಹಾಗಾಗಿ ಯಾವ ಕೈ ಎನ್ನುವ ಮಾತು ನಮ್ಮ ನಡುವೆ ಬರಲೇ ಇಲ್ಲ. ಪಿಸ್ತೂಲಿಗೆ ಒಂದೇ ಕೈ. ಇನ್ನೊಂದನ್ನು ಜೇಬಿಗೆ ಹಾಕಿಕೊಂಡು ನಿಲ್ಲಬೇಕು. ಎಡಗೈಯನ್ನು ಜೇಬಿಗೆ ಹಾಕಿ ನಾನು ಹೊಡೆದ ಗುಂಡುಗಳು ಗುರಿಯ ಕಾರ್ಡಿಗಿಂತ ಹೆಚ್ಚು ಹಿಂದಿನ ಮಣ್ಣಿಗೇ ಬೀಳುತ್ತಿದ್ದವು. ಒಂದು ಭಾನುವಾರ ನೀವು ಯಾರ ಜೊತೆಗೋ ಮೆಣಸಿನ ರೇಟು ಮಾತಾಡುತ್ತ ಆಚೆ ಹೋದಾಗ, ಕ್ಲಬ್ಬು ನೋಡಿಕೊಳ್ಳುವ ಸುಬ್ಬರಾಯರು ನನ್ನ ಹತ್ತಿರ ಬಂದು, "ಆ ಎಡಗೈ ಜೇಬೊಳಗೆ ಒದ್ದಾಡ್ತಾ ಉಂಟಲ್ಲ ಮಾರಾಯ್ತಿ, ಅದರ ಕೈಗೇ ಕೊಡು" ಅಂದರು. ಕೊಟ್ಟೆ. ಐದು ಗುಂಡೂ ಕಾರ್ಡಿನ ನಡುವಿನ ಕಪ್ಪು ವೃತ್ತದಲ್ಲಿ. ನೀವು ಬಂದು ಕಾರ್ಡು ನೋಡಿದಾಗ ನಿಮ್ಮ ಮುಖ ಹೇಗೆ ಅರಳಿತು! ಆಮೇಲೆ ಪಿಸ್ತೂಲು ಯಾವ ಕೈಯಲ್ಲಿದೆ ಎಂದು ನೋಡಿದಿರಿ. ಕಾರ್ಡನ್ನು ಮಡಚಿ ಜೇಬಿಗೆ ಹಾಕಿಕೊಂಡು ಸ್ಕೂಟರಿನ ಕಡೆ ನಡೆದಿರಿ.

ಆದರೂ ನನ್ನ ಹೆಸರಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಿ, ಚಿಕ್ಕಮಗಳೂರಿಗೆ ಓಡಾಡಿ ಮಾಡಿಸಿದಿರಿ. ಅಪ್ಪಾಜಿ ಒಪ್ಪಿಕೊಂಡರು ಎಂದು ನಾನು ಕುಣಿದಾಡಿದೆ. ಎಂಥ ಪೆದ್ದಿ.

ಬೆಂಗಳೂರಿನ ಆ ಅಂಗಡಿ ನೆನಪಿದೆಯೇ? ಯಾರೋ ಶೂಟರುಗಳು ಮಾರಾಟಕ್ಕೆ ಬಿಟ್ಟ ಪಾಯಿಂಟ್ ಟೂ ಟೂ ಅಳತೆಯ ಎರಡು ಪಿಸ್ತೂಲುಗಳನ್ನು ಅಂಗಡಿಯವನು ಹಸಿರು ಬಟ್ಟೆಯ ಮೇಲೆ ಜೋಡಿಸಿಟ್ಟ. ಜರ್ಮನಿಯದು ಹಳೆಯದು, ಕಪ್ಪು ಬಣ್ಣ ಅಲ್ಲಲ್ಲಿ ಸವೆದಿತ್ತು. ಅದರ ಹಿಡಿ ಸಾದಾ, ಎರಡೂ ಪಕ್ಕ ಒಂದೇ ಥರ. ಇಟಲಿಯದು ಫಳಫಳ ಹೊಳೆಯುತ್ತಿತ್ತು. ಅದರ ಮರದ ಹಿಡಿಯಲ್ಲಿ ಒಂದೊಂದು ಬೆರಳಿಗೂ ಜಾಗ ಕೊರೆದಿದ್ದರು, ಅಂಗೈ ಊರಲು ಕೆಳಗೊಂದು ಮೆಟ್ಟಿಲಿತ್ತು. ಎಲ್ಲವೂ ಬಲಗೈ ಅಳತೆಗೆ. ನಾನು ಜರ್ಮನಿಯದನ್ನು ಎಡಗೈಗೆ ತೆಗೆದುಕೊಂಡೆ. ಮೂತಿ ಸ್ವಲ್ಪ ಭಾರ, ಆದರೆ ಅಲುಗಾಡದೆ ನಿಂತಿತು. ಕುದುರೆ ಬೆಣ್ಣೆಯ ಹಾಗಿತ್ತು. ನನಗೆ ಅಷ್ಟೇ ಸಾಕಿತ್ತು.

ಅಂಗಡಿಯವನು ನನ್ನನ್ನು ಕೇಳಲಿಲ್ಲ, ನಿಮ್ಮನ್ನು ಕೇಳಿದ. "ಮೇಡಂ ಯಾವ ಕೈಯಲ್ಲಿ ಹೊಡೀತಾರೆ ಸಾರ್?"

"ಬಲಗೈ," ಅಂದಿರಿ.

ಪಿಸ್ತೂಲು ನನ್ನ ಎಡಗೈಯಲ್ಲೇ ಇತ್ತು. ಅವನು ಕಕ್ಕಾಬಿಕ್ಕಿಯಾಗಿ ನನ್ನ ಕೈ ನೋಡಿದ. ನೀವು ನಕ್ಕು, "ಅವಳು ಸುಮ್ನೆ ತೂಕ ನೋಡ್ತಿದ್ದಾಳೆ" ಅಂದಿರಿ. ನಾನು ಜರ್ಮನಿಯದನ್ನು ಹಸಿರು ಬಟ್ಟೆಯ ಮೇಲೆ ವಾಪಸಿಟ್ಟೆ. ಅಪರಿಚಿತನ ಎದುರು ಅಪ್ಪನ ಮಾತು ಸುಳ್ಳು ಮಾಡುವುದನ್ನು ನೀವು ನನಗೆ ಕಲಿಸಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನೀವೇ ಸಮಾಧಾನ ಹೇಳಿದಿರಿ. "ರೂಢಿ ಆಗ್ತದೆ ಮಗಾ. ಎಡಗೈಲಿ ಹಿಡ್ಕೊಂಡು ನಾಲ್ಕು ಜನರ ಎದುರು ನಿಂತ್ರೆ ಚೆಂದ ಕಾಣಲ್ಲ. ದುಬಾರಿದನ್ನೇ ಕೊಡಿಸಿದೀನಲ್ಲ?"

ಹೌದು, ಇಟಲಿಯ ದುಬಾರಿದನ್ನೇ ಕೊಡಿಸಿದಿರಿ. ಪಿಸ್ತೂಲು ಆರಿಸುವವರು ಹಿಡಿ ನೋಡುತ್ತಾರೆ, ತೂಕ ನೋಡುತ್ತಾರೆ, ಕುದುರೆ ನೋಡುತ್ತಾರೆ. ನೀವು ನೋಡಿದ್ದು ಆ ನಾಲ್ಕು ಜನರನ್ನು. ಅವರು ಯಾರು ಅಪ್ಪಾಜಿ? ಕೋರೆಗೆ ಒಂದು ದಿನವೂ ಬಾರದ ಅವರ ಕಣ್ಣಿಗೆ ನನ್ನ ಕೈ ಯಾಕೆ ಚೆಂದ ಕಾಣಬೇಕು?

ರೂಢಿ ಮಾಡಿಕೊಳ್ಳಲು ನಾನು ಒದ್ದಾಡಿದ್ದು ನಿಮಗೆ ಗೊತ್ತು. ಎಡಗೈಯಲ್ಲಿ ಹಿಡಿದರೆ ಆ ಹಿಡಿ ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೆ ತುರುಕಿದ ಹಾಗೆ. ಬಲಗೈಯಲ್ಲಿ ಹಿಡಿದರೆ ಹಿಡಿ ಸರಿ, ಕೈ ನನ್ನದಲ್ಲ. ಹೋದ ವರ್ಷ ಕ್ಲಬ್ಬಿನ ಸ್ಪರ್ಧೆಯಲ್ಲಿ ಎಲ್ಲರೆದುರು ಬಲಗೈಯಲ್ಲಿ ಹೊಡೆದು ಕೊನೆಯವಳಾದೆ. ಆಗ ನೀವು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು. "ಹೆಣ್ಣುಮಕ್ಕಳಿಗೆ ಇದೆಲ್ಲ ಹಿಡಿತಕ್ಕೆ ಬರೋದು ಕಷ್ಟ ಬಿಡಿ." ಅಪ್ಪಾಜಿ, ಆ ಕಪ್ಪಿನ ನಡುವಿನ ಐದು ಗುಂಡುಗಳನ್ನು ನೀವು ಕಣ್ಣಾರೆ ಕಂಡಿದ್ದಿರಿ! ಕಂಡೂ ಹಾಗೆ ಹೇಳಲು ನಿಮಗೆ ನಾಲಿಗೆ ಹೇಗೆ ಬಂತು? ಅವತ್ತಿನಿಂದ ನಾನು ಕೋರೆಗೆ ಹೋಗಲಿಲ್ಲ. ಯಾಕೆ ಎಂದು ನೀವು ಕೇಳಲೂ ಇಲ್ಲ. ಗಂಗಾಧರನಿಗೆ ಕೊಡುವ ಲೆಕ್ಕ ಹಾಕಿದಿರಿ.

ಈಗ ನಡೆದದ್ದು ಹೇಳುತ್ತೇನೆ. ಗಂಗಾಧರ ಬಂದುಹೋದ ಮರುದಿನ ಕಾಲೇಜಿಗೆ ರಜೆ ಹಾಕಿ ಬಾಳೆಹೊನ್ನೂರಿಗೆ ಬಂದಿದ್ದೆ. ಮನೆಗೆ ಬರಲಿಲ್ಲ, ಅಮ್ಮ ಬೇಜಾರು ಮಾಡಿಕೊಳ್ಳುವುದು ಬೇಡ. ಸ್ಟೇಷನ್ನಿನ ಮುಂದೆ ಕೋವಿ ಬಿಡಿಸಿಕೊಳ್ಳಲು ಬಂದ ಊರ ಗಂಡಸರ ಸಾಲಿನಲ್ಲಿ ನಿಂತು, ನನ್ನ ಪಿಸ್ತೂಲನ್ನು ನಾನೇ ಬಿಡಿಸಿಕೊಂಡು ಬಂದೆ. ರೂಮಿಗೆ ಬಂದು ಸ್ಕ್ರೂ ತಿರುಗಿಸಿ ನಿಮ್ಮ ದುಬಾರಿ ಹಿಡಿಯನ್ನು ಬಿಚ್ಚಿದೆ. ಹಲಸಿನ ಮರದ ತುಂಡು ತಂದು, ಗರಗಸ ಹಿಡಿದು ಅರದಲ್ಲಿ ಉಜ್ಜಿ ಉಜ್ಜಿ ನನ್ನ ಕೈಗೆ ಆಗುವಂಥದ್ದು ಮಾಡಿಕೊಂಡೆ. ನೋಡಲು ಚೆಂದವಿಲ್ಲ, ಹೆಬ್ಬೆರಳ ಬುಡದಲ್ಲಿ ಗುಳ್ಳೆಯೂ ಎದ್ದಿದೆ. ಈ ಭಾನುವಾರ ಮಳೆ ಸ್ವಲ್ಪ ಬಿಟ್ಟಾಗ ಕೋರೆಗೆ ಹೋಗಿ ಎಡಗೈಯಲ್ಲಿ ಹೊಡೆದೆ. ಎಲ್ಲವೂ ಕಪ್ಪಿಗೆ ಬಿದ್ದವು ಎಂದು ಸುಳ್ಳು ಹೇಳುವುದಿಲ್ಲ. ಕೆಲವು ತಪ್ಪಿದವು. ಆದರೆ ತಪ್ಪಿದ್ದೂ ನಾನೇ, ಹೊಡೆದದ್ದೂ ನಾನೇ. ಸುಬ್ಬರಾಯರು, "ಎಂತ ಮಾರಾಯ್ತಿ, ಇಷ್ಟು ದಿನ ಎಲ್ಲಿಗೆ ಹೋಗಿದ್ದೆ?" ಅಂದರು. ಉತ್ತರ ಕೊಡಲು ಹೋಗಿ ಅತ್ತುಬಿಟ್ಟೆ.

ಬಿಚ್ಚಿದ ಹಿಡಿಯನ್ನು ಈ ಕಾಗದದ ಜೊತೆ ಪಾರ್ಸೆಲ್ ಮಾಡಿದ್ದೇನೆ. ನಿಮ್ಮ ಕಾಫಿ ಅಂಗಡಿಯ ಗಲ್ಲಾದ ಮೇಲಿಟ್ಟುಕೊಳ್ಳಿ. ನಾಲ್ಕು ಜನ ನೋಡಲಿ. ಗಂಗಾಧರನಿಗೆ ಬೇರೆ ಪಿಸ್ತೂಲು ಕೊಡಿಸಿ, ಇದು ಕೊಡುವುದಿಲ್ಲ.

ಇನ್ನೊಂದು ಮಾತಿದೆ. ನನಗೆ ದೀಕ್ಷೆಯಾದ ದಿನ ಸ್ವಾಮಿಗಳು ಲಿಂಗವನ್ನು ನನ್ನ ಎಡಗೈಯಲ್ಲಿಟ್ಟು, ಈ ಅಂಗೈಯೇ ಇನ್ನು ನಿನ್ನ ದೇವರ ಮನೆ ಎಂದರು. ನೀವು ಪಕ್ಕದಲ್ಲೇ ಕಣ್ಣು ತುಂಬಿಕೊಂಡು ಕೂತಿದ್ದಿರಿ. ಅದೇ ಮಧ್ಯಾಹ್ನ ಪಂಕ್ತಿಯಲ್ಲಿ ನಾನು ಎಡಗೈಯಲ್ಲಿ ಹೋಳಿಗೆ ಎತ್ತಿದೆ ಎಂದು, ನೆಂಟರ ಎದುರು ಆ ಕೈಯನ್ನೇ ಟವಲಿನಲ್ಲಿ ಬೆನ್ನ ಹಿಂದೆ ಕಟ್ಟಿ ಊಟ ಮಾಡಿಸಿದಿರಿ. ಲಿಂಗ ಹಿಡಿಯಲು ಆಗುವ ಕೈ ಹೋಳಿಗೆಗೆ ಯಾಕೆ ಆಗಲಿಲ್ಲ? ಪಿಸ್ತೂಲಿಗೆ ಯಾಕೆ ಆಗಲಿಲ್ಲ? ಅವತ್ತು ಕೇಳುವ ಬುದ್ಧಿಯಿರಲಿಲ್ಲ, ಬೆಂಗಳೂರಿನ ಅಂಗಡಿಯಲ್ಲಿ ಕೇಳುವ ಧೈರ್ಯವಿರಲಿಲ್ಲ. ಈಗ ಕೇಳುತ್ತಿದ್ದೇನೆ.

ದೊಡ್ಡವರಿಗೆ ಬರೆದ ಕಾಗದದ ಕೊನೆಗೆ ಆಶೀರ್ವಾದ ಕೇಳಬೇಕು. ಸಿಟ್ಟಿದ್ದರೂ ಕೇಳುತ್ತೇನೆ, ಕೇಳಲು ನನಗೆ ನೀವೊಬ್ಬರೇ ಅಪ್ಪ. ನಾಳೆ ಬೆಳಿಗ್ಗೆ ಪೂಜೆಗೆ ಕೂತು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡಾಗ, ಅದು ಯಾವ ಕೈ ಎಂದು ಒಮ್ಮೆ ನೋಡಿ. ಹರಸುವುದಾದರೆ ಆ ಕೈಯಿಂದ ಹರಸಿ. ಇನ್ನೊಂದು ಕೈಯದು ನನಗೆ ಬೇಡ.

ನಿಮ್ಮ ಎಡಚಿ ಮಗಳು,
ದಾಕ್ಷಾಯಿಣಿ