ಮೊಣಕೈ ಮೇಲಿನ ಹಳದಿ ಗಂಟು

ಅವ್ವಾ,

ನೀನು ಹೋಗಿ ಎಷ್ಟೋ ವರ್ಷವಾಯಿತು. ಇವತ್ತು ಘಟಪ್ರಭಾದ ದವಾಖಾನೆಯಲ್ಲಿ ನಿನ್ನ ಮಾತು ಬಂತು. ನಿನ್ನ ಮೊಮ್ಮಗಳು, ನನ್ನ ಪೂನಮಳ ಮೊಣಕೈ ಮೇಲೆ ಹಳದಿ ಗಂಟುಗಳು ಎದ್ದಿದ್ದವು. ನಿನಗೂ ಅಂಥವೇ ಇದ್ದವಲ್ಲ. ರಕ್ತ ತಪಾಸಣೆ ಮಾಡಿಸಿದೆ. ಕೆಟ್ಟ ಕೊಲೆಸ್ಟ್ರಾಲ್ ಇರಬೇಕಾದ್ದಕ್ಕಿಂತ ಮೂರು ಪಟ್ಟು ಇದೆಯಂತೆ. ಕಡ್ಡಿಯಂಥ ಹುಡುಗಿ, ತುಪ್ಪ ಮುಟ್ಟುವವಳೂ ಅಲ್ಲ.

"ಇದು ಊಟದಿಂದ ಬಂದದ್ದಲ್ಲರಿ, ಹುಟ್ಟಿನಿಂದ ಬಂದದ್ದು," ಎಂದರು ಡಾಕ್ಟರಮ್ಮ. "ಮನ್ಯಾಗ ಯಾರರ ಸಣ್ಣ ವಯಸ್ಸಿನ್ಯಾಗ ಎದಿನೋವಿನಿಂದ ಹೋಗ್ಯಾರೇನ್ರಿ?"

"ನಮ್ಮವ್ವ ಹೋದಳ್ರಿ."

"ಅದು ತಾಯಿ ಕಡೆ ಆತು. ತಂದಿ ಕಡೆ?"

"ಅಲ್ಲೂ ಆಕೀನರಿ. ನನ್ನ ಗಂಡ ನಮ್ಮವ್ವನ ತಮ್ಮರಿ."

ಅವರು ಪೆನ್ನು ಕೆಳಗಿಟ್ಟರು. ಎರಡೂ ಕಡೆಯಿಂದ ಇಳಿದದ್ದಕ್ಕೇ ಇಷ್ಟು ಜೋರು, ಗುಳಿಗೆ ತಪ್ಪಿಸಬೇಡಿ, ಮನೆಮಂದಿಯೆಲ್ಲ ರಕ್ತ ತೋರಿಸಿ ಎಂದರು.

"ಹೊರಗ ಕೊಟ್ಟರ ಯಾರು ನೋಡ್ತಾರ, ನನ್ನ ತಮ್ಮನ ಕೈಯಾಗ ಇರು," ಎನ್ನುತ್ತಲೇ ನೀನು ನನಗೆ ಅರಿಷಿಣ ಹಚ್ಚಿದ್ದೆ. ನಿನ್ನ ತಮ್ಮ ಒಳ್ಳೆಯವನೇ, ಅವ್ವಾ. ಬಯ್ಯುವುದಾದರೂ ಯಾರನ್ನು?

ಮನೆಗೆ ಬಂದು ಎಲ್ಲ ಹೇಳಿದೆ. ನಿನ್ನ ತಾಯಿ, ಅಂದರೆ ನನ್ನ ಅತ್ತೆ, ಪೂನಮಳ ತಲೆ ಸವರಿದಳು.

"ಜಡ್ಡಿನ ಹುಡುಗೀನ್ನ ಹೊರಗಿನವ್ರು ಯಾರು ಮಾಡ್ಕೋತಾರವ್ವಾ? ನಿನ್ನ ತಮ್ಮ ಲಖನ ಅದಾನಲ್ಲ, ಅವಗ ಕೊಟ್ಟಬಿಡೂಣು. ಮನಿ ಕೂಸು ಮನ್ಯಾಗ ಇರ್ತೈತಿ."

ನಿನ್ನ ಮಗ ಲಖನ ಅಲ್ಲೇ ಅಂಗಿಯ ತೋಳು ಮಡಚಿಕೊಂಡು ಊಟಕ್ಕೆ ಕೂತಿದ್ದ. ತಾಟಿಗೆ ರೊಟ್ಟಿ ಹಾಕಿದೆ. ಅವನ ಮೊಣಕೈ ಮಾತ್ರ ನೋಡಲಿಲ್ಲ.