ಒಂದೇ ಸಂಖ್ಯೆಯ ಇಪ್ಪತ್ಮೂರು ಆಟಗಳು

ಗದಗ ಕಡತಮನೆ
ಫೆಬ್ರವರಿ 30, 2191

ಓದಾಟಗಳನ್ನು ಬರೆದವರಿಗೆ, ಕೂಡಿಟ್ಟವರಿಗೆ,

ನಿನ್ನೆ ಬೆಳಗ್ಗೆ ಹನ್ನೆರಡನೆಯ ಬಿಲ್ಲೆಯನ್ನು ತೆರೆದು ನೋಡಲಾಯಿತು. ಅದೂ ಖಾಜಾಬಿಯವರ ಆಟವಲ್ಲ. ದಾಖಲೆ ಪುಸ್ತಕದಲ್ಲಿ ಹೀಗೆ ಬರೆದವರು ನಮ್ಮ ಪಟ್ಟಿ ವಿಭಾಗದ ಹುಸೇನಬಿ ನದಾಫ. ಖಾಜಾಬಿ ಇವರ ಅಜ್ಜಿಯ ಅಜ್ಜಿಯ ತಾಯಿ.

ತಾರೀಖು ನೋಡಿ ನೀವು ಪತ್ರ ಪಕ್ಕಕ್ಕಿಡದಿದ್ದರೆ ಸಾಕು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ, ಅವನ್ನು ಹೊರದಿನ ಎನ್ನುತ್ತೇವೆ. ಇನ್ನೂ ಕೆಲವು ಮಾತುಗಳು ನಿಮಗೆ ಹೊಸದಾಗಿ ಕಾಣಬಹುದು, ಕ್ಷಮಿಸಿ. ಓದಾಟವೆಂದರೆ ಚಿತ್ರವಿಲ್ಲದ, ಬರಹ ಮಾತ್ರ ಇರುವ ಕಂಪ್ಯೂಟರ್ ಆಟ. ‘ಉತ್ತರಕ್ಕೆ ಹೋಗು’, ‘ದೀಪ ಹಚ್ಚು’ ಎಂದು ಟೈಪ್ ಮಾಡಿದರೆ ಮುಂದಿನ ಕೋಣೆಯ ವರ್ಣನೆ ಬರುತ್ತದೆ. ಬಿಲ್ಲೆಯೆಂದರೆ ಅಂಗೈಯಗಲದ ಗಾಜಿನ ತಟ್ಟೆ. ಒಂದು ಆಟಕ್ಕೆ ಒಂದು ಬಿಲ್ಲೆ ಎಂಬುದು ಇಲ್ಲಿನ ಲೆಕ್ಕ. ಈ ಪತ್ರಕ್ಕೆ ಹಿಂದೋಲೆ ಎಂದು ಹೆಸರು. ಯಾರ ಸಹಿಯಿಂದ ಒಂದು ಬರಹ ನಾಶವಾಯಿತೋ ಅವರು ಅದನ್ನು ಬರೆದವರಿಗೆ ಪತ್ರ ಬರೆದು ಅದೇ ಕಪಾಟಿನಲ್ಲಿ ಇಡಬೇಕು. ತಲುಪಿಸುವವರು ಯಾರೂ ಇಲ್ಲ. ಆದರೂ ನಿಯಮ ಇದೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಬರೆಯುತ್ತಿರುವ ಮೊದಲ ಹಿಂದೋಲೆ ಇದು.

ಕಡತಮನೆ ಇರುವುದು ಕಪ್ಪತಗುಡ್ಡದ ಬುಡದಲ್ಲಿ. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗಿದಾಗ ನಮಗೆ ಎರಡು ಗಂಟೆ ವಿದ್ಯುತ್ತು ಸಿಗುತ್ತದೆ. ಇದಕ್ಕೆ ಗಾಳಿಪಾಳಿ ಎನ್ನುತ್ತಾರೆ. ಮೊದಲ ಸರದಿ ಆಸ್ಪತ್ರೆಗೆ, ಎರಡನೆಯದು ನೀರೆತ್ತುವ ಪಂಪುಗಳಿಗೆ, ಕಡತಮನೆಗೆ ಏಳನೆಯದು. ಪಾಳಿ ಬರುವ ತನಕ ಬಿಲ್ಲೆಗಳ ಧೂಳು ಒರೆಸುತ್ತೇವೆ, ಚೀಟಿ ಅಂಟಿಸುತ್ತೇವೆ, ಗಿರಮಿಟ್ಟು ತಿನ್ನುತ್ತೇವೆ. ವಾರಕ್ಕೆ ಮೂರು ಪಾಳಿ ಸಿಕ್ಕರೆ ಅದು ಒಳ್ಳೆಯ ವಾರ.

ಹೋದ ವರ್ಷ ನಮಗೆ 6,318 ಓದಾಟಗಳು ಬಂದವು. ಎಲ್ಲವನ್ನೂ ಆಡಿ ನೋಡಿ ಪಟ್ಟಿ ಮಾಡಲು ನಮ್ಮ ಪಾಳಿಗಳಲ್ಲಿ ನಲವತ್ತು ವರ್ಷ ಬೇಕಾಗುತ್ತಿತ್ತು. ಅವುಗಳ ಜೊತೆಯಲ್ಲೇ ನಿಮ್ಮ ಕಾಲದ ಒಂದು ಪುಟ್ಟ ತಂತ್ರಾಂಶವೂ ಇತ್ತು. ನಾವು ಅದನ್ನು ಪಟ್ಟಿಗ ಎಂದು ಕರೆದೆವು. ಕಡತದ ತಲೆಯಲ್ಲಿರುವ ಗುರುತಿನ ಸಂಖ್ಯೆ, ಹೆಸರು, ಬರೆದವರು, ವರ್ಷ ಓದಿ ಒಂದು ಆಟಕ್ಕೆ ಒಂದು ಸಾಲು ಬರೆಯುವುದು ಅದರ ಕೆಲಸ. ಬೇರೇನನ್ನೂ ಕೇಳುವುದಿಲ್ಲ. ಆರು ಪಾಳಿಗಳಲ್ಲಿ ಇಡೀ ಸಂಗ್ರಹವನ್ನು ಮುಗಿಸಿತು. ಒಂದೇ ಸಂಖ್ಯೆಯ ಕಡತಗಳು ಸಿಕ್ಕರೆ ಮೊದಲನೆಯದನ್ನು ಇಟ್ಟು ಉಳಿದವನ್ನು ನಕಲು ಎಂದು ಬೇರೆ ಮಾಡುವ ಅನುಕೂಲವೂ ಅದರಲ್ಲಿತ್ತು. ನಾನು ಅದನ್ನೂ ಬಳಸಿದೆ.

ಹಾಗೆ ಬೇರೆಯಾದವುಗಳಲ್ಲಿ ಬೆಟಗೇರಿಯ ಇಪ್ಪತ್ತೆರಡು ಬಿಲ್ಲೆಗಳಿದ್ದವು. ಇಟ್ಟುಕೊಂಡ ಒಂದನ್ನೂ ಸೇರಿಸಿದರೆ ಇಪ್ಪತ್ಮೂರು. ಎಲ್ಲದಕ್ಕೂ ಒಂದೇ ಸಂಖ್ಯೆ. ಎಲ್ಲದರ ಹೆಸರು ‘ಮಾದರಿ ಆಟ’, ಬರೆದವರು ‘ನಿಮ್ಮ ಹೆಸರು ಇಲ್ಲಿ’. ನಾನು ನಾಶದ ಹಾಳೆಗೆ ಸಹಿ ಹಾಕುವಾಗ ಹುಸೇನಬಿ ಗಾತ್ರದ ಅಂಕಣಕ್ಕೆ ಬೆರಳಿಟ್ಟರು.

“ಕಳಕಪ್ಪಣ್ಣಾರ, ಎಲ್ಲಾ ಒಂದ ಸೀರಿ ಅಂತೀರಿ. ಹಂಗಾದ್ರ ಒಂದು ಆರು ಮೊಳ, ಇನ್ನೊಂದು ಒಂಬತ್ತು ಮೊಳ ಹೆಂಗಾತ್ರೀ?”

“ಪಟ್ಟಿಗ ಹೇಳೇತಿ, ನಾ ಸಹಿ ಮಾಡೇನಿ. ಇನ್ನ ನಿಂದೇನವಾ?”

“ಪಟ್ಟಿಗಕ್ಕ ಕಣ್ಣಿಲ್ಲ ಬಿಡ್ರಿ. ನಿಮಗ ಎರಡು ಅದಾವಲ್ಲ?”

ಕೋಣೆಯಲ್ಲಿದ್ದವರು ನಕ್ಕರು. ನನಗೆ ಸಿಟ್ಟು ಬಂತು. ಬಿಲ್ಲೆಗಳು ಅಣ್ಣಿಗೇರಿ ರಸ್ತೆಯ ಅರೆಮನೆಗೆ ಹೋದವು. ಅರೆಮನೆಯಲ್ಲಿ ಹಳೆಯ ಗಾಜನ್ನು ಪುಡಿ ಮಾಡಿ ಹೊಸ ಬಿಲ್ಲೆ ಎರಕ ಹೊಯ್ಯುತ್ತಾರೆ.

ಪಟ್ಟಿಗದ ಮೇಲೆ ತಪ್ಪು ಹೊರಿಸಲಾರೆ. ಅದರ ಜೊತೆಗಿದ್ದ ಸೂಚನೆಯಲ್ಲಿ ‘ಸಂಖ್ಯೆ ಒಂದೇ ಇದ್ದರೂ ಗಾತ್ರವನ್ನು ಹೋಲಿಸಿ’ ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ಅದನ್ನು ಓದಿದ್ದೆ.

ಎಂಟು ದಿನಗಳ ನಂತರ ಹುಸೇನಬಿ ನಾವು ಉಳಿಸಿಕೊಂಡಿದ್ದ ಆ ಒಂದು ಬಿಲ್ಲೆಯನ್ನು ತೆರೆದರು. ಅದರಲ್ಲಿ ಎರಡು ಕೋಣೆ, ಒಂದು ಲಾಟೀನು, ಒಂದು ಬಾಗಿಲು ಇದ್ದವು. ಕೊನೆಗೆ ಒಂದು ಟಿಪ್ಪಣಿ ಇತ್ತು. 2031ರಲ್ಲಿ ಬೆಟಗೇರಿಯ ನೇಕಾರ ಹೆಣ್ಣುಮಕ್ಕಳಿಗೆ ಓದಾಟ ಬರೆಯಲು ಕಲಿಸಿದ ಶಿವಗಂಗಾ ಟೀಚರ್ ಬರೆದದ್ದು. ‘ಇದನ್ನು ನಕಲು ಮಾಡಿಕೊಳ್ಳಿರಿ, ಕೋಣೆಗಳನ್ನು ನಿಮಗೆ ಬೇಕಾದಂತೆ ಬದಲಿಸಿರಿ, ಉಳಿದದ್ದನ್ನು ಮುಟ್ಟಬೇಡಿರಿ.’ ಅವರು ಹೇಳಿದಂತೆಯೇ ಎಲ್ಲರೂ ನಡೆದುಕೊಂಡಿದ್ದರು. ಸಂಖ್ಯೆ ಇದ್ದದ್ದು ಆ ‘ಉಳಿದದ್ದರಲ್ಲಿ’. ಅಂದರೆ ನಾನು ಇಟ್ಟುಕೊಂಡದ್ದು ಪಾಠದ ಹಾಳೆ, ಅರೆಯಲು ಕಳಿಸಿದ್ದು ಇಪ್ಪತ್ತೆರಡು ಹೆಂಗಸರು ಬರೆದ ಆಟಗಳನ್ನು.

ಹುಸೇನಬಿ ಆಗ ಮೊದಲ ಬಾರಿಗೆ ತಮ್ಮ ವಿಷಯ ಹೇಳಿದರು. ಖಾಜಾಬಿ ಆ ತರಗತಿಯಲ್ಲಿದ್ದರು. ಮಗ್ಗದ ಕುಣಿಯಿಂದ, ಅಂದರೆ ನೇಯುವವರು ಕಾಲಿಳಿಬಿಟ್ಟು ಕೂರುವ ತಗ್ಗಿನಿಂದ, ಶುರುವಾಗುವ ಒಂದು ಆಟ ಬರೆದಿದ್ದರು. ಆ ಆಟದ ಮಾತು ಮನೆಯಲ್ಲಿ ಆರು ತಲೆಮಾರು ನಡೆದು ಬಂದಿದೆ, ಆಟವನ್ನು ಮಾತ್ರ ಯಾರೂ ಕಂಡಿಲ್ಲ.

“ಆಕಿದು ಫೋಟೋ ಇಲ್ಲ, ಸಹಿ ಇಲ್ಲ, ಗೋರಿ ಎಲ್ಲೈತಿ ಗೊತ್ತಿಲ್ಲ. ಆಕಿ ಹೆಂಗ ಮಾತಾಡತಿದ್ಲು ಅಂತ ಒಂದು ಸಾಲಾದ್ರೂ ಓದಬೇಕಂತ ಈ ನೌಕರಿಗೆ ಬಂದೇನ್ರಿ. ಹತ್ತೊಂಬತ್ತು ವರ್ಷಾತು.”

“ಅವತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ, ಮನೀ ಕೆಲಸ ಇಲ್ಲಿ ತರಬ್ಯಾಡ ಅಂತಿದ್ರಿ.”

ಹೌದು, ಹಾಗೆಯೇ ಅನ್ನುತ್ತಿದ್ದೆ.

ಅದೇ ದಿನ ಇಬ್ಬರೂ ಅರೆಮನೆಗೆ ನಡೆದು ಹೋದೆವು. ಅಲ್ಲಿನ ಫಕೀರೇಶ ಒಂದು ಪೆಟ್ಟಿಗೆಯನ್ನು ಕಾಲಿನಿಂದ ಮುಂದೆ ತಳ್ಳಿದ. “ಹದಿಮೂರು ಉಳದಾವ. ಒಂಬತ್ತು ಅರದೀನಿ. ಬೇಕಂದ್ರ ಜರಡಿ ಕೊಡತೀನಿ, ಸೋಸಿ ಓದಕೊಳ್ರಿ” ಎಂದ. ಹುಸೇನಬಿ ಮುಖ ತಿರುಗಿಸಿಕೊಂಡು ಪೆಟ್ಟಿಗೆ ಎತ್ತಿಕೊಂಡರು. ಅದರಲ್ಲಿ ಅವರ ಹಿರಿಯರ ಆಟವಿರಬಹುದೆಂದು ನಾನು ಹೇಳಿದೊಡನೆ ಆತ ಹಿಂದೆಯೇ ಓಡಿ ಬಂದು, “ತಪ್ಪಾತವ್ವಾ, ಗೊತ್ತಿದ್ದಿಲ್ಲ” ಎಂದು ಹೇಳಿ ರಸ್ತೆಯವರೆಗೆ ಪೆಟ್ಟಿಗೆ ಹೊತ್ತುಕೊಟ್ಟ.

ಅಂದಿನಿಂದ ಪಾಳಿಗೆ ಒಂದರಂತೆ ತೆರೆಯುತ್ತಿದ್ದೇವೆ. ಪಟ್ಟಿಗ ಇಲ್ಲಿ ನೆರವಾಗುವುದಿಲ್ಲ, ಆಡಿಯೇ ತಿಳಿಯಬೇಕು. ಒಂದರಲ್ಲಿ ಹುಬ್ಬಳ್ಳಿ ಪ್ಯಾಸೆಂಜರ್ ರೈಲು ಹಿಡಿಯಬೇಕು, ಆದರೆ ಚಪ್ಪಲಿ ಸಿಗದೆ ಮನೆಯಿಂದ ಹೊರಬೀಳಲಾಗದು. ಇನ್ನೊಂದರಲ್ಲಿ ರೇಷನ್ ಅಂಗಡಿಯ ಸಾಲು. ಎಷ್ಟು ಸಲ ‘ಮುಂದೆ ಹೋಗು’ ಎಂದರೂ ಎದುರಿಗೆ ಏಳು ಜನ ಇರುತ್ತಾರೆ. ಆಟ ಅರ್ಧಕ್ಕೆ ನಿಂತಿದೆಯೋ, ಬರೆದವರ ಉದ್ದೇಶವೇ ಅದೋ ತಿಳಿಯಲಿಲ್ಲ. ಮತ್ತೊಂದರಲ್ಲಿ ಅತ್ತೆಗೆ ಉತ್ತರ ಕೊಟ್ಟರೆ ಆಟ ಮುಗಿಯುತ್ತದೆ. ಹುಸೇನಬಿ ಅಲ್ಲಿ ಮೂರು ಸಲ ಉತ್ತರ ಕೊಟ್ಟು ಮೂರು ಸಲವೂ ಸೋತರು. ನಾಲ್ಕನೆಯ ಸಲ ‘ಸುಮ್ಮನಿರು’ ಎಂದು ಟೈಪ್ ಮಾಡಿದಾಗ ಬಾಗಿಲು ತೆರೆಯಿತು. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವು. ಹನ್ನೆರಡಕ್ಕೂ ಹೊಸ ಸಂಖ್ಯೆ ಕೊಟ್ಟಿದ್ದೇವೆ. ಮಗ್ಗ ಬರುವ ಆಟಗಳು ನಾಲ್ಕಿವೆ, ಕುಣಿಯಿಂದ ಶುರುವಾಗುವ ಆಟ ಒಂದೂ ಇಲ್ಲ.

ಅರೆದುಹೋದ ಒಂಬತ್ತು ಆಟಗಳನ್ನು ಬರೆದವರಿಗೆ ಹೇಳಬೇಕಾದದ್ದು ಇಷ್ಟೇ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಬರಹ ಈಗ ಬೇರೆ ಬಿಲ್ಲೆಗಳ ಗಾಜಾಗಿದೆ. ತಪ್ಪು ನನ್ನದು.

ಇನ್ನೂ ಬರೆಯುತ್ತಿರುವವರಿಗೆ ಒಂದು ಕೋರಿಕೆ. ಮಾದರಿಯಿಂದ ನಕಲು ಮಾಡಿಕೊಂಡಿದ್ದರೆ ಇವತ್ತೇ ಕಡತ ತೆರೆದು ಸಂಖ್ಯೆ ಬದಲಿಸಿ. ಹೆಸರು ಬರೆಯುವ ಜಾಗದಲ್ಲಿ ನಿಮ್ಮ ಹೆಸರು ಬರೆಯಿರಿ, ಊರನ್ನೂ ಸೇರಿಸಿ. ಐದು ನಿಮಿಷದ ಕೆಲಸ. ಮುಂದೆ ಅದನ್ನು ತೆರೆಯುವವನು ನನ್ನಂತೆಯೇ ದಣಿದಿರುತ್ತಾನೆ, ಪಟ್ಟಿಯ ಸಾಲನ್ನು ಮಾತ್ರ ಓದುತ್ತಾನೆ.

ಪೆಟ್ಟಿಗೆಯಲ್ಲಿ ಇನ್ನೊಂದು ಬಿಲ್ಲೆ ಇದೆ. ಅದನ್ನು ಮಾರ್ಚ್ 2ರ ಸೋಮವಾರ, ಗಾಳಿ ಇದ್ದರೆ, ಬೆಳಗ್ಗೆ ಏಳರ ಗಾಳಿಪಾಳಿಯಲ್ಲಿ ತೆರೆಯಲಾಗುವುದು. ಹುಸೇನಬಿ ಟೈಪ್ ಮಾಡುತ್ತಾರೆ. ಪರದೆಯ ಮೇಲೆ ಬಂದದ್ದನ್ನು ನಾನು ಕೈಯಲ್ಲಿ ಬರೆದುಕೊಳ್ಳುತ್ತೇನೆ.

ಕಳಕಪ್ಪ ಹೊಂಬಳ
ಪಟ್ಟಿ ವಿಭಾಗದ ಮೇಲ್ವಿಚಾರಕ