ಸುಕ್ರಜ್ಜಿಗೆ ಒಂದೇ ಒಂದು ಗುಂಡಿ ತೋರಿಸಿ

ಕ್ರೀಡಾ ವಾಹಿನಿಯಲ್ಲಿ ಯಾವ ಆಟ ಬರಬೇಕು, ಯಾವುದು ಬರಬಾರದು ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಹೈದರಾಬಾದಿನ ಗಾಲ್ಫ್ ಮೈದಾನದಲ್ಲಿ ನಮ್ಮ ಕಾಗಾಲದ ದೀಪಾ ಮಹಿಳೆಯರ ಪಂದ್ಯಾವಳಿಯ ಕೊನೆಯ ದಿನದ ಆಟ ಆಡುತ್ತಿದ್ದಳು. ಆಡಿದಳು, ಗೆದ್ದಳು. ಅದೇ ಹೊತ್ತಿಗೆ ತಾವು ತಮ್ಮ ವಾಹಿನಿಯಲ್ಲಿ ಯಾವುದೋ ಕಾಲದ ಒಂದು ಕ್ರಿಕೆಟ್ ಪಂದ್ಯವನ್ನು ಮರುಪ್ರಸಾರ ಮಾಡುತ್ತಿದ್ದಿರಿ. ಹಳೆಯ ಪಂದ್ಯ ತೋರಿಸಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಅದು ಮಳೆ ಬಂದು ಅರ್ಧಕ್ಕೇ ರದ್ದಾದ ಪಂದ್ಯ. ಮೈದಾನಕ್ಕೆ ಪ್ಲಾಸ್ಟಿಕ್ ಹೊದಿಸಿದ್ದನ್ನು, ಅದರ ಮೇಲೆ ನೀರು ನಿಂತದ್ದನ್ನು, ಛತ್ರಿ ಹಿಡಿದ ಅಂಪೈರ್ ಬಂದು ನೋಡಿ ವಾಪಸು ಹೋದದ್ದನ್ನು ತಾವು ಶ್ರದ್ಧೆಯಿಂದ ತೋರಿಸಿದಿರಿ. ಕುಮಟಾ ತಾಲೂಕಿನವರಿಗೆ ಮಳೆ ನೋಡಲು ಟಿವಿ ಬೇಕೇ, ಮಾನ್ಯರೇ? ಜೂನ್ ತಿಂಗಳಲ್ಲಿ ಒಮ್ಮೆ ಇತ್ತ ಬನ್ನಿ, ಬೇಕಾದಷ್ಟು ತೋರಿಸುತ್ತೇವೆ.

ನಾನು ಯಾರು, ಇಷ್ಟೊಂದು ಸಿಟ್ಟು ಯಾಕೆ ಎಂದು ಹೇಳಬೇಕು. ಕಾಗಾಲದ ಕೇಬಲ್ ನಮ್ಮದು. ನನ್ನ ಗಂಡ ರವೀಂದ್ರ ಕಂಬ ಹತ್ತುವುದು, ನಾನು ಫೋನ್ ಎತ್ತಿ ಬೈಸಿಕೊಳ್ಳುವುದು, ಹೀಗೆ ನಾವು ಕೆಲಸ ಹಂಚಿಕೊಂಡಿದ್ದೇವೆ. ಧಾರಾವಾಹಿಯ ಸೊಸೆ ವಿಷ ಕುಡಿಯುವ ಹೊತ್ತಿಗೆ ಕರೆಂಟು ಹೋದರೂ ಜನ ನನಗೇ ಬೈಯುತ್ತಾರೆ. ಟಿವಿಯಲ್ಲಿ ಏನು ಬರಬೇಕೆಂದು ತೀರ್ಮಾನಿಸುವುದು ವಿನುತಕ್ಕನೇ ಎಂಬುದು ಊರಿನ ನಂಬಿಕೆ. ತಾವು ಮಾಡಿದ್ದಕ್ಕೆಲ್ಲ ಇಲ್ಲಿ ಮೈಯೊಡ್ಡಿ ನಿಂತವಳು ನಾನು, ಹಾಗಾಗಿ ತಮ್ಮನ್ನು ನಾಲ್ಕು ಮಾತು ಕೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಇನ್ನು ಗಾಲ್ಫ್ ನಮ್ಮೂರಿಗೆ ಹೇಗೆ ಬಂತು ಎಂಬ ಕತೆ. ನಮ್ಮ ಪಕ್ಕದ ಮನೆಯ ಸುಕ್ರಜ್ಜಿಯ ಮಗ ಜಟ್ಟ ಬೆಂಗಳೂರಿನಾಚೆ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುವ ಕೆಲಸಕ್ಕೆ ಸೇರಿದ. ಅವನ ಮಗಳು ದೀಪಾ ಸಂಜೆ ಶಾಲೆ ಬಿಟ್ಟ ಮೇಲೆ ಅಪ್ಪನ ಹಿಂದೆ ತಿರುಗುತ್ತ, ದೊಡ್ಡವರು ಕಳೆದುಕೊಂಡ ಚೆಂಡು ಹೆಕ್ಕುತ್ತ, ಮುರಿದ ಕೋಲಿನಲ್ಲಿ ಅವನ್ನು ಹೊಡೆಯುತ್ತ ಬೆಳೆದಳು. ಯಾರೋ ಒಬ್ಬ ಒಳ್ಳೆಯ ತರಬೇತುದಾರರ ಕಣ್ಣಿಗೆ ಬಿದ್ದಳು. ಈಗ ದೇಶದ ಮಹಿಳಾ ಆಟಗಾರರ ಸಾಲಿನಲ್ಲಿ ಅವಳ ಹೆಸರಿದೆ. ರಜೆಗೆ ಬಂದಾಗ ಗದ್ದೆ ಕೊಯ್ಲಾದ ಮೇಲಿನ ಬಯಲಿನಲ್ಲಿ ಚೆಂಡು ಹೊಡೆದು ತೋರಿಸುತ್ತಾಳೆ. ಚೆಂಡು ಹೋಗಿ ಯಾರ ಗದ್ದೆಯಲ್ಲಿ ಬಿತ್ತು ಎಂಬುದೇ ನಮಗೆ ತಿಳಿಯುವುದಿಲ್ಲ.

ಸುಕ್ರಜ್ಜಿಯ ವಿಷಯ ಬೇರೆ. ಅವಳು ಹಾಡು ಕಟ್ಟುವವಳು. ನಾಟಿಯಿರಲಿ, ಮದುವೆಯಿರಲಿ, ತೊಟ್ಟಿಲಿರಲಿ, ಅಜ್ಜಿಯ ಬಾಯಲ್ಲಿ ಹಾಡು ತಾನಾಗಿ ಬರುತ್ತದೆ. ಅವರ ಮನೆಯ ಹೆಣ್ಣುಮಕ್ಕಳಿಗೆಲ್ಲ ಒಂದೊಂದು ಹಾಡಿದೆ, ಮದುವೆಯ ದಿನ ಹೆಂಗಸರು ಸೇರಿ ಅದನ್ನು ಹಾಡುತ್ತಾರೆ. ಆದರೆ ಅಜ್ಜಿಗೊಂದು ಹಟವಿದೆ. ಕಣ್ಣಾರೆ ಕಾಣದ್ದನ್ನು ಅವಳು ಹಾಡು ಕಟ್ಟುವುದಿಲ್ಲ. ನನ್ನ ಗಂಡ ಕೇಬಲ್ ಎಳೆಯುವಾಗ ಕಂಬದಿಂದ ಜಾರಿ ಕೆಸರುಗದ್ದೆಗೆ ಬಿದ್ದದ್ದು ಹಾಡಾಗಿದೆ. ಯಾಕೆಂದರೆ ಅಜ್ಜಿ ಆಗ ಪಕ್ಕದಲ್ಲೇ ಸಸಿ ಕೀಳುತ್ತಿದ್ದಳು. ಇವತ್ತಿಗೂ ಯಾವ ಮದುವೆಗೆ ಹೋದರೂ ಹೆಂಗಸರು ಅದನ್ನು ಹಾಡಿ ನಗುತ್ತಾರೆ, ಪಾಪ ನನ್ನ ಗಂಡ ಊಟದ ಪಂಕ್ತಿಯಲ್ಲಿ ತಲೆ ಬಗ್ಗಿಸಿ ಕೂತಿರುತ್ತಾರೆ.

ಎದುರುಮನೆಯ ದೇವು ಒಮ್ಮೆ ಅಜ್ಜಿಯನ್ನು ಸಿಕ್ಕಿಸಲು ನೋಡಿದ. "ಹಾಂಗಾದ್ರೆ ರಾಮ ಸೀತೆ ಹಾಡು ಹೇಳ್ತಿಯಲ್ಲೆ ಅಜ್ಜಿ, ರಾಮನ್ನ ಕಂಡಿದ್ಯಾ?"

"ಅದು ನಾ ಕಟ್ಟಿದ್ದಲ್ಲ, ನಮ್ಮಜ್ಜಿ ಕಟ್ಟಿದ್ದು," ಎಂದಳು ಸುಕ್ರಜ್ಜಿ. "ಅವ್ಳು ಕಂಡಿರ್ಬೇಕು."

ಮನೆಯ ಹೆಣ್ಣುಮಕ್ಕಳಲ್ಲಿ ಹಾಡಿಲ್ಲದವಳು ದೀಪಾ ಒಬ್ಬಳೇ. ಅವಳು ಬೆಳೆದದ್ದು ಬೇರೆ ಊರಿನಲ್ಲಿ, ಆಡುವುದು ಬೇರೆ ಬೇರೆ ಊರುಗಳಲ್ಲಿ. ಪ್ರತಿ ಸಲ ಫೋನ್ ಮಾಡಿದಾಗಲೂ, "ಅಜ್ಜಿ, ನನ್ನ ಹಾಡು ಎಲ್ಲಿಗೆ ಬಂತು?" ಎಂದು ನಗುತ್ತ ಕೇಳುತ್ತಾಳೆ. ನಗುತ್ತಾಳೆ ನಿಜ, ಆದರೆ ಕೇಳದೆ ಫೋನ್ ಇಟ್ಟದ್ದಿಲ್ಲ. ಅಜ್ಜಿಯನ್ನೇ ಮೈದಾನಕ್ಕೆ ಕರೆದೊಯ್ಯಬಾರದೇ ಎಂದು ತಾವು ಕೇಳಬಹುದು. ಗಾಲ್ಫ್ ನೋಡುವುದೆಂದರೆ ಆಟಗಾರರ ಹಿಂದೆ ಹರದಾರಿಗಟ್ಟಲೆ ನಡೆಯುವುದು. ಅಜ್ಜಿಯ ಮೊಣಕಾಲು ಬಾವಿಕಟ್ಟೆಯವರೆಗೆ ಹೋಗಿ ಬರುವುದರಲ್ಲೇ ಮುಷ್ಕರ ಹೂಡುತ್ತದೆ.

ಅದಕ್ಕಾಗಿ ಟಿವಿಯಲ್ಲೇ ಅಜ್ಜಿಗೆ ಆಟ ಕಲಿಸೋಣವೆಂದು ನಾನು ಹೊರಟೆ. ಗಂಡಸರ ಗಾಲ್ಫಿಗೆ ತಮ್ಮಲ್ಲಿ ಬರವಿಲ್ಲವಲ್ಲ. ಯಾವ ಯಾವ ದೇಶದ ಗಂಡಸರು ಹೊಡೆಯುವುದಿರಲಿ, ನಡೆಯುವುದನ್ನೂ ತೋರಿಸುತ್ತೀರಿ. ಒಂದು ಚಿಟಿಕೆ ಹುಲ್ಲು ಕಿತ್ತು ಗಾಳಿಗೆ ತೂರುವುದನ್ನು ಹತ್ತಿರದಿಂದ ತೋರಿಸುತ್ತೀರಿ. ಅವರ ಕೊಡೆ ಹಿಡಿಯುವವನಿಗೆ ನಮ್ಮ ದೇಶದ ಹೆಣ್ಣುಮಕ್ಕಳಿಗೆ ಸಿಕ್ಕಿದ್ದಕ್ಕಿಂತ ಹೆಚ್ಚು ಹೊತ್ತು ಪರದೆ ಸಿಕ್ಕಿದೆ. ಅಜ್ಜಿ ಕೆಲವು ದಿನ ಕೂತು ನೋಡಿದಳು. "ಇಷ್ಟು ದೊಡ್ಡ ಗದ್ದೆ, ಒಂದು ಬದಿಗೆ ಬದನೆನಾದ್ರೂ ಹಾಕೂಕಾಗ್ಲಿಲ್ವಾ ಇವ್ರಿಗೆ," ಎಂದಳು. ಕಡಿಮೆ ಹೊಡೆತದಲ್ಲಿ ಎಲ್ಲ ಗುಂಡಿಗೂ ಚೆಂಡು ಹಾಕಿದವರು ಗೆದ್ದಂತೆ ಎಂದು ನಾನು ವಿವರಿಸಿದಾಗ ಮಾತ್ರ ಅವಳಿಗೆ ಆಟದ ಮೇಲೆ ಗೌರವ ಬಂತು. ಬರೀ ಹೊಡೆಯುವುದೇ ದೊಡ್ಡಸ್ತಿಕೆಯಲ್ಲದ ಆಟವೂ ಉಂಟಲ್ಲ ಎಂದು ಬಹಳ ಮೆಚ್ಚಿಕೊಂಡಳು.

ಹೀಗಿರುವಾಗ ಆ ಭಾನುವಾರ ಬಂತು. ದೀಪಾ ಮುಂಚೂಣಿಯಲ್ಲಿದ್ದಾಳೆ, ಕೊನೆಯ ದಿನ ಗೆಲ್ಲಬಹುದು ಎಂದು ಜಟ್ಟ ಹೈದರಾಬಾದಿನಿಂದ ಫೋನ್ ಮಾಡಿದ್ದ. ಸುದ್ದಿ ಊರೆಲ್ಲ ಹಬ್ಬಿತು. ಗಂಡಸರ ಗಾಲ್ಫ್ ತೋರಿಸುವ ತಾವು ಇದನ್ನೂ ತೋರಿಸುತ್ತೀರೆಂದು ನಂಬಿ, ನಮ್ಮ ಅಂಗಳದಲ್ಲಿ ಚಾಪೆ ಹಾಸಿ, ಒಳಗಿನ ಟಿವಿಯನ್ನು ಜಗಲಿಗೆ ತಂದಿಟ್ಟೆವು. ಅಘನಾಶಿನಿ ಊರಿನಿಂದ ಸುಕ್ರಜ್ಜಿಗೆ ಬೇಕಾದ ಹೆಂಗಸರು ಬಂದರು. ಹೊಳೆಯ ನೀರು ಇಳಿದಾಗ ಚಿಪ್ಪಿ ಹೆಕ್ಕುವವರು ಅವರು, ಆ ಇಳಿತದ ಹೊತ್ತನ್ನೇ ಬಿಟ್ಟು ಬಂದಿದ್ದರು. ಹೊಳೆ ಇಳಿದಾಗ ಅವರು ಗಂಡ ಕರೆದರೂ ಮೇಲೆ ಬರುವವರಲ್ಲ ಎಂಬುದು ತಮಗೆ ತಿಳಿದಿರಲಿ. ಅಜ್ಜಿ ಹೊಸ ಸೀರೆ ಉಟ್ಟು, ಕೊರಳ ತುಂಬ ಮಣಿಸರ ಹಾಕಿ, ಎಲೆಯಡಿಕೆ ತಟ್ಟೆಯೊಂದಿಗೆ ಎಲ್ಲರಿಗಿಂತ ಮುಂದೆ ಕೂತಳು.

ಟಿವಿ ಹಚ್ಚಿದರೆ ಮಳೆ.

ಎಲ್ಲರೂ ಒಮ್ಮೆಲೇ ನನ್ನ ಕಡೆ ತಿರುಗಿದರು. "ಎಂತ ವಿನುತಕ್ಕ, ನೀವೇ ಬಂದ್ ಮಾಡಿದ್ರಾ?" ಎಂದು ದೇವು ಕೇಳಿದ. ನಾನು ಒಂದೊಂದೇ ವಾಹಿನಿ ತಿರುಗಿಸಿದೆ. ಒಂದರಲ್ಲಿ ಕುಸ್ತಿ, ಒಂದರಲ್ಲಿ ಗಂಡಸರು ಗೋಡೆಗೆ ಬಾಣ ಎಸೆಯುವ ಆಟ, ಇನ್ನೊಂದರಲ್ಲಿ ಬೊಜ್ಜು ಕರಗಿಸುವ ಪಟ್ಟಿಯ ಜಾಹೀರಾತು. ಡಿಶ್ ಓರೆಯಾಗಿರಬೇಕು ಎಂದು ದೇವು ತೀರ್ಪು ಕೊಟ್ಟ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಗೊತ್ತಿದ್ದೂ ನನ್ನ ಗಂಡ ಮಾನ ಉಳಿಸಿಕೊಳ್ಳಲು ತಾರಸಿ ಹತ್ತಿದರು. ಮೇಲಿನಿಂದ "ಬಂತಾ?" ಎಂದು ಅವರು ಕೂಗುವುದು, ಕೆಳಗಿನಿಂದ ಅಂಗಳವಿಡೀ "ಬರ್ಲಿಲ್ಲ" ಎನ್ನುವುದು ಬಹಳ ಹೊತ್ತು ನಡೆಯಿತು. ನಾನು ಹೊನ್ನಾವರದ ಅಣ್ಣನ ಮನೆಗೆ ಫೋನ್ ಮಾಡಿದೆ, ಅಲ್ಲೂ ಮಳೆ. ಭಟ್ಕಳದ ಹತ್ತಿರ ಜಾಲಿಯಲ್ಲಿ ಟಿವಿ ಅಂಗಡಿ ಇಟ್ಟಿರುವ ಪ್ರಕಾಶನಿಗೆ ಮಾಡಿದೆ. ಅವನ ಅಂಗಡಿಯ ಗೋಡೆ ತುಂಬ ಟಿವಿಗಳು. "ಎಲ್ಲದರಲ್ಲೂ ಒಂದೇ ಮಳೆ ಅಕ್ಕ," ಎಂದ. "ದೊಡ್ಡ ಟಿವಿಯಲ್ಲಿ ಸ್ವಲ್ಪ ಜೋರಾಗಿ ಬರ್ತಾ ಉಂಟು."

ಕೊನೆಗೆ ಜಟ್ಟನಿಗೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಟಿವಿಯ ಮೇಲೆ ಇಟ್ಟೆವು. ಗಾಲ್ಫ್ ಮೈದಾನದಲ್ಲಿ ಗಟ್ಟಿಯಾಗಿ ಮಾತಾಡುವಂತಿಲ್ಲವಂತೆ, ಅವನು ಪಿಸುಗುಟ್ಟುತ್ತಿದ್ದ. "ಹುಲ್ಲು ಭಾರೀ ಚೊಲೋ ಅದೆ," ಎಂದು ಶುರುಮಾಡಿದ. "ಬೆಳಿಗ್ಗೆನೇ ಕತ್ರಿಸಿದ್ದು ಕಾಣ್ತದೆ."

"ಜಟ್ಟಣ್ಣ, ದೀಪಾ ಎಂತ ಮಾಡ್ತಿದ್ಲು?"

"ಹೊಡೆದ್ಲು."

"ಚೆಂಡು ಎಲ್ಲಿ ಹೋತು?"

"ಚೆಂಡಾ? ಅದು ಆ ಬದಿಗೆ ಹೋತು. ಆ ಬದಿಗೆ ಹುಲ್ಲು ಸ್ವಲ್ಪ ಉದ್ದ ಬಿಟ್ಟಿದ್ರು. ಮೂಲೆಲಿ ಕಳೆನೂ ಅದೆ. ನಾನಾಗಿದ್ರೆ ಬಿಡ್ತಿರ್ಲಿಲ್ಲ."

ಇಡೀ ಮಧ್ಯಾಹ್ನ ನಾವು ಹೈದರಾಬಾದಿನ ಹುಲ್ಲಿನ ವಿವರ ಕೇಳಿದೆವು. ಎಷ್ಟೋ ವರ್ಷದಿಂದ ಅವನು ನೋಡಿದ್ದು ಅದೇ, ಮಗಳು ಆಡುತ್ತಿದ್ದರೂ ಕಣ್ಣು ನೆಲಕ್ಕೇ ಹೋಗುತ್ತದೆ. ನಡುನಡುವೆ ಮೊಬೈಲಿನಲ್ಲಿ ಬರುವ ಅಂಕಿಯನ್ನು ನಾನು ಓದಿ ಹೇಳುತ್ತಿದ್ದೆ. ಕೊನೆಯ ಗುಂಡಿಗೆ ಬರುವಾಗ ದೀಪಾ ಮತ್ತು ಇನ್ನೊಬ್ಬ ಹುಡುಗಿ ಸಮಸಮ. ಆ ಹುಡುಗಿಯ ಆಟ ಮುಗಿದಿತ್ತು. ದೀಪಾಳ ಚೆಂಡು ಗುಂಡಿಯ ಹತ್ತಿರ ಬಂದಿತ್ತು, ಈ ಒಂದು ಹೊಡೆತದಲ್ಲಿ ಅದನ್ನು ಒಳಗೆ ಹಾಕಿದರೆ ಗೆಲುವು. "ಈಗ ಯಾರೂ ಮಾತಾಡ್ಬೇಡಿ," ಎಂದ ಜಟ್ಟ. ಮಾನ್ಯರೇ, ಕಾಗಾಲದ ನಮ್ಮ ಅಂಗಳದಲ್ಲಿ ಒಬ್ಬರೂ ಮಾತಾಡಲಿಲ್ಲ. ಇಲ್ಲಿ ಕೆಮ್ಮಿದರೆ ಅಲ್ಲಿ ಚೆಂಡು ತಪ್ಪೀತು ಎಂದು ದೇವು ಬಾಯಿಗೆ ಟವೆಲ್ ತುರುಕಿಕೊಂಡ. ತಾರಸಿಯ ಮೇಲೆ ಡಿಶ್ ಹಿಡಿದು ನಿಂತಿದ್ದ ನನ್ನ ಗಂಡನೂ ಉಸಿರು ಬಿಡಲಿಲ್ಲ. ಟಿವಿಯಲ್ಲಿ ಮಾತ್ರ ತಮ್ಮ ಅಂಪೈರ್ ಮತ್ತೊಮ್ಮೆ ಬಂದು ನೀರು ಮುಟ್ಟಿ ನೋಡಿದ.

ಫೋನಿನಿಂದ ಚಪ್ಪಾಳೆ ಕೇಳಿಸಿತು. ತಪ್ಪಿದರೂ ಚಪ್ಪಾಳೆ ಹೊಡೆಯುವ ಮರ್ಯಾದಸ್ಥರ ಆಟ ಅದು, ನಮಗೆ ಏನೂ ತಿಳಿಯಲಿಲ್ಲ. "ಜಟ್ಟಣ್ಣ, ಎಂತ ಆತು?" ಎಂದು ಕೂಗಿದೆ.

"ಗೊತ್ತಿಲ್ಲ ತಂಗಿ," ಎಂದ ಅವನು. "ನಾ ಕಣ್ಣು ಮುಚ್ಕಂಡಿದ್ದೆ."

ಆಮೇಲೆ ಯಾರನ್ನೋ ಕೇಳಿ ಗೆದ್ದಳೆಂದು ಹೇಳಿದ, ಹೇಳಿ ಅತ್ತ. ನಾವೂ ಅತ್ತೆವು, ಕುಣಿದೆವು. ಅಘನಾಶಿನಿಯ ಹೆಂಗಸರು ತಮ್ಮ ಬುಟ್ಟಿಗಳನ್ನೇ ಬಾರಿಸಿದರು. ನನ್ನ ಗಂಡ ತಾರಸಿಯಿಂದ ಇಳಿಯುವ ಅವಸರದಲ್ಲಿ ಮತ್ತೆ ಜಾರಿ ಬಿದ್ದರು. ಅದನ್ನು ಅಜ್ಜಿ ನೋಡಿದಳು, ಹಾಗಾಗಿ ಈ ಸಲದ ಮದುವೆಗಳಿಗೆ ಎರಡನೆಯ ಹಾಡು ತಯಾರಾಗಿದೆ. ಆದರೆ "ದೀಪಾನ ಹಾಡು ಕಟ್ಟು ಅಜ್ಜಿ" ಎಂದು ಎಲ್ಲರೂ ಸುತ್ತುವರಿದಾಗ ಅವಳು ಎಲೆಗೆ ಸುಣ್ಣ ಹಚ್ಚುತ್ತ ಕೂತಳು. ನಾನು ಮೊಬೈಲಿನಲ್ಲಿ ಅಷ್ಟರಲ್ಲೇ ಬಂದಿದ್ದ ಒಂದು ತುಣುಕು ತೋರಿಸಿದೆ. ಅದರಲ್ಲಿ ದೀಪಾ ಬೆಳ್ಳಿಯ ಬಟ್ಟಲೊಂದನ್ನು ಹಿಡಿದು ನಗುತ್ತಿದ್ದಳು.

ಅಜ್ಜಿ ನೋಡಿ ಮೊಬೈಲ್ ವಾಪಸು ಕೊಟ್ಟಳು. "ಇದು ಪಾತ್ರೆ ಹಿಡ್ಕಂಡದ್ದು," ಎಂದಳು. "ಆಡಿದ್ದು ಎಲ್ಲಿ ಅದೆ?"

ಮಾನ್ಯರೇ, ಈ ಪ್ರಶ್ನೆಯನ್ನು ನಾನು ತಮಗೇ ದಾಟಿಸಿದೆ. ಆ ಆಟದ ಚಿತ್ರ ತಮ್ಮಲ್ಲಿದೆಯೇ ಎಂದು ಕೇಳಿ ಮಿಂಚಂಚೆ ಬರೆದೆ. ತಮ್ಮ ಕಚೇರಿಯಿಂದ ಬಂದ ಉತ್ತರ ಹೀಗಿತ್ತು: ಮಹಿಳೆಯರ ಗಾಲ್ಫಿನ ಬಗ್ಗೆ ವೀಕ್ಷಕರಲ್ಲಿ ಆಸಕ್ತಿ ಕಂಡುಬಂದಿಲ್ಲ. ತೋರಿಸದೇ ಇದ್ದುದನ್ನು ಯಾರೂ ನೋಡಲಿಲ್ಲ ಎಂಬ ಈ ಮಹತ್ತರ ಸಂಶೋಧನೆಗೆ ಎಷ್ಟು ಮಂದಿ ಅಧಿಕಾರಿಗಳು ದುಡಿದರು? ಒಲೆ ಹಚ್ಚದ ಹೋಟೆಲಿನವನು, ಇಡ್ಲಿ ಕೇಳುವ ಗಿರಾಕಿಯೇ ಇಲ್ಲ ಎಂದ ಹಾಗಾಯಿತು ಇದು. ಕೆಲವು ವರ್ಷಗಳ ಹಿಂದೆ ಒಲಿಂಪಿಕ್ಸಿನಲ್ಲಿ ನಮ್ಮ ರಾಜ್ಯದ ಹುಡುಗಿಯೊಬ್ಬಳು ಪದಕದ ಅಂಚಿಗೆ ಬಂದಾಗ, ಗಾಲ್ಫ್ ಎಂದರೇನೆಂದು ಅರಿಯದ ದೇಶ ಬೆಳ್ಳಂಬೆಳಗ್ಗೆ ಎದ್ದು ಟಿವಿಯ ಮುಂದೆ ಕೂತಿತ್ತು. ಆಗ ಎಲ್ಲಿಂದ ಬಂದಿತ್ತು ಆಸಕ್ತಿ? ಅಂದು ತೋರಿಸಿದರು, ನೋಡಿದರು, ಅಷ್ಟೇ. ಹೊಳೆಯ ಇಳಿತ ಬಿಟ್ಟು ಬಂದ ಹೆಂಗಸರ ಆಸಕ್ತಿಯನ್ನು ಅಳೆಯುವ ಯಂತ್ರ ತಮ್ಮಲ್ಲಿಲ್ಲದಿದ್ದರೆ ಅದು ಯಂತ್ರದ ಕೊರತೆ. ಅಂದಹಾಗೆ ಸುಕ್ರಜ್ಜಿ ತಮ್ಮನ್ನೂ ಕಣ್ಣಾರೆ ಕಂಡಿಲ್ಲ. ಅದು ತಮ್ಮ ಪುಣ್ಯ, ನನ್ನ ಗಂಡನಿಗೆ ಆ ಪುಣ್ಯವಿರಲಿಲ್ಲ.

ಮುಂದಿನ ತಿಂಗಳು ದೀಪಾ ಮತ್ತೆ ಆಡುತ್ತಾಳೆ. ಇಡೀ ಆಟ ತೋರಿಸಿ ಎಂದು ಕೇಳುವಷ್ಟು ಧೈರ್ಯ ಬಡ ಕೇಬಲಿನವಳಾದ ನನಗಿಲ್ಲ. ಒಂದು ಕ್ಯಾಮೆರಾ, ಅದನ್ನು ಹಿಡಿಯಲು ಕಣ್ಣು ಮುಚ್ಚದ ಒಬ್ಬ ಮನುಷ್ಯ, ಒಂದೇ ಒಂದು ಗುಂಡಿ. ಅಷ್ಟನ್ನು ನೇರವಾಗಿ ತೋರಿಸಬೇಕು ಎಂಬುದು ನನ್ನ ಬೇಡಿಕೆ. ಇದನ್ನು ಅಜ್ಜಿಯೊಬ್ಬಳಿಗಾಗಿ ಮಾತ್ರ ಕೇಳುತ್ತಿದ್ದೇನೆ ಎಂದು ತಾವು ಭಾವಿಸಬಾರದು, ಅದಕ್ಕೇ ಆ ಸಂಜೆಯ ಒಂದು ಮಾತು ಹೇಳಿ ಮುಗಿಸುತ್ತೇನೆ. ಕತ್ತಲಾಗುವ ಮುಂಚೆ ದೀಪಾಳ ಫೋನ್ ಬಂತು. ಯಾವತ್ತಿನಂತೆ ಹಾಡಿನ ವಿಷಯ ಅವಳು ಕೇಳುವ ಮೊದಲೇ ಅಜ್ಜಿ ಫೋನ್ ಕಸಿದುಕೊಂಡು, "ಮಗಾ, ನಿನ್ನಪ್ಪ ಕಣ್ಣು ಮುಚ್ಕಂಡಿದ್ನಂತೆ. ನೀನೇ ಹೇಳು, ಆ ಚೆಂಡು ಗುಂಡಿಗೆ ಹ್ಯಾಂಗೆ ಹೋತು?" ಎಂದಳು.

ದೀಪಾ ಮೆಲ್ಲಗೆ ಹೇಳಿದಳು: "ನಾನೂ ಕಂಡಿಲ್ಲ ಅಜ್ಜಿ. ಹೊಡೆದ ಮೇಲೆ ತಲೆ ಎತ್ತಬಾರದು ಅಂತ ಕಲಿಸಿದ್ದಾರೆ, ತಲೆ ಎತ್ತಿದ್ರೆ ಚೆಂಡು ತಪ್ತದೆ. ನೆಲ ನೋಡ್ತಾ ನಿಂತಿದ್ದೆ. ಬಿದ್ದ ಸದ್ದು ಮಾತ್ರ ಕೇಳ್ತು. ಯಾರಾದ್ರೂ ತೆಗೆದಿದ್ರೆ ನಂಗೂ ಒಮ್ಮೆ ತೋರಿಸ್ಲಿಕ್ಕೆ ಹೇಳಿ."

ಇಂತಿ,
ಊರಿಗೆಲ್ಲ ಟಿವಿ ತೋರಿಸಿ, ಆ ಹುಡುಗಿಗೆ ತೋರಿಸಲು ಏನೂ ಇಲ್ಲದ
ವಿನುತಾ
(ಕೇಬಲ್ ರವೀಂದ್ರನ ಹೆಂಡತಿ), ಕಾಗಾಲ, ಕುಮಟಾ ತಾಲೂಕು